ಹಸುವಿನ ಹಾಲು ಒಗ್ಗದಿದ್ದಾಗ

ನಮ್ಮ ಮನೆಗಳಲ್ಲಿ ಹಾಲು ಬರಿಯ ಆಹಾರ ಪದಾರ್ಥವಲ್ಲ. ಹೊಸ ಮನೆಗೆ ಕಾಲಿಡುವಾಗ ಹಾಲುಕ್ಕಿಸುತ್ತೇವೆ. ಮನೆಗೆ ಬಂದ ಜಂಗಮರಿಗೆ, ಅತಿಥಿಗಳಿಗೆ ಮೊದಲು ಹಾಲನ್ನು ಅರ್ಪಿಸುತ್ತೇವೆ. ಲಿಂಗೈಕ್ಯರಾದ ಹಿರಿಯರ ಸಮಾಧಿಗೆ ಹಾಲು ತುಪ್ಪ ಬಿಡುತ್ತೇವೆ. ಹುಟ್ಟಿನಿಂದ ಕೊನೆಯವರೆಗೆ ಹಾಲಿನ ಸಂಬಂಧವಿಲ್ಲದ ಶುಭಾಶುಭ ಕಾರ್ಯವೊಂದು ನಮ್ಮಲ್ಲಿ ಇಲ್ಲವೆಂದೇ ಹೇಳಬಹುದು. ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯಂತಹ ಸೀಮೆಯಲ್ಲಂತೂ ಬೆಳಗು ಮತ್ತು ಸಂಜೆ ಎಂಬುವು ಡೇರಿಗೆ ಹಾಲು ಹಾಕುವ ಎರಡು ಹೊತ್ತುಗಳಾಗಿಯೇ ಎಣಿಕೆಗೆ ಬರುತ್ತವೆ.

ಇಂತಹ ಮನೆಯಲ್ಲಿ ಒಬ್ಬರಿಗೆ ಹಾಲು ಒಗ್ಗುವುದಿಲ್ಲವೆಂದರೆ ಏನಾಗುತ್ತದೆ? "ಹಾಲು ಬೇಡ ಅಂದ್ರೆ ಹೆಂಗವ್ವ, ಅಮೃತವೇ ಒಗ್ಗೋದಿಲ್ಲ ಅಂದಂಗಾಯ್ತು" ಎಂದು ಅತ್ತೆಯವರು ಸೊಸೆಯನ್ನು ಗದರಿಸುತ್ತಾರೆ. ಹೊಟ್ಟೆಯುಬ್ಬರದಿಂದ ನರಳುವ ಹಿರಿಯರು ಅದನ್ನು ಹೇಳಿಕೊಳ್ಳದೆ ಪ್ರತಿ ರಾತ್ರಿ ಲೋಟ ಹಾಲು ಕುಡಿದು ಮಲಗುತ್ತಾರೆ. ಮಗುವಿಗೆ ಭೇದಿಯಾಗುತ್ತದೆಯೆಂದು ಹೆದರಿದ ತಾಯಿ ಹಾಲನ್ನು ನಿಲ್ಲಿಸಿ, ಅದರ ಜಾಗದಲ್ಲಿ ಏನನ್ನೂ ಕೊಡದೆ ಸುಮ್ಮನಾಗುತ್ತಾಳೆ. ಇಲ್ಲವೇ ನಗರದಲ್ಲಿರುವ ಮಗ ತಂದ ದುಬಾರಿ ಡಬ್ಬಿಯ ಪಾನೀಯವನ್ನು ಹಾಲೆಂದೇ ನಂಬಿ ಕುಡಿಸುತ್ತಾಳೆ. ಈ ಮೂರೂ ದಾರಿಗಳಲ್ಲಿ ಅಪಾಯವಿದೆ. ಸರಿಯಾದ ದಾರಿ ಬೇರೆಯೇ ಉಂಟು. ಅದು ಬಹುಪಾಲು ನಮ್ಮ ಹೊಲ ಮತ್ತು ಅಡುಗೆಮನೆಗಳಲ್ಲಿಯೇ ಇದೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಯಾರಿಗೆ, ಏಕೆ ಒಗ್ಗುವುದಿಲ್ಲ?

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ. ನೂರು ಮಿಲಿಲೀಟರು ಹಸುವಿನ ಹಾಲಿನಲ್ಲಿ ಅದು ಸುಮಾರು 4.7 ಗ್ರಾಂ ಇರುತ್ತದೆ. ಇದನ್ನು ಅರಗಿಸಲು ಸಣ್ಣ ಕರುಳಿನ ಒಳಪದರದಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಸಿದ್ಧವಾಗಬೇಕು. ತಾಯಿಯ ಹಾಲನ್ನು ನಂಬಿದ ಶೈಶವದಲ್ಲಿ ಈ ಕಿಣ್ವ ಎಲ್ಲ ಮಕ್ಕಳಲ್ಲಿಯೂ ಯಥೇಚ್ಛವಾಗಿರುತ್ತದೆ. ಬೆಳೆದಂತೆ ಜಗತ್ತಿನ ಬಹುಪಾಲು ಜನರಲ್ಲಿ ಇದು ಕಡಿಮೆಯಾಗುತ್ತ ಹೋಗುವುದು ಸಹಜ ಕ್ರಮ. ಬಹುಕಾಲದಿಂದ ಪಶುಪಾಲನೆಯನ್ನೇ ನೆಚ್ಚಿ ಬಾಳಿದ ಉತ್ತರ ಯುರೋಪಿನವರಂತಹ ಕೆಲವು ಜನಾಂಗಗಳಲ್ಲಿ ಮಾತ್ರ ಅದು ಮುಪ್ಪಿನವರೆಗೂ ಉಳಿಯುತ್ತದೆ. ನಮ್ಮ ದೇಶದಲ್ಲಿಯೇ ಉತ್ತರದವರಿಗಿಂತ ದಕ್ಷಿಣದವರಲ್ಲಿ ಈ ಕೊರತೆ ಹೆಚ್ಚೆಂದು ವೈದ್ಯ ಸಂಶೋಧಕರು ಕಂಡುಕೊಂಡಿದ್ದಾರೆ. ಅರಗದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುಳಿಯಿಸುತ್ತವೆ. ಅದರ ಫಲವೇ ಹೊಟ್ಟೆಯುಬ್ಬರ, ಗುಡುಗುಡು ಸದ್ದು, ನುಲಿತ ಮತ್ತು ಭೇದಿ. ಇದು ರೋಗವೂ ಅಲ್ಲ, ಪಾಪದ ಫಲವೂ ಅಲ್ಲ. ದೇಹದ ಒಂದು ಗುಣ, ಅಷ್ಟೆ.

ಇಂತಹವರಲ್ಲಿ ಅನೇಕರು ಅರ್ಧ ಲೋಟ ಹಾಲನ್ನು ಊಟದೊಂದಿಗೆ ಸೇವಿಸಿದರೆ ತೊಂದರೆಪಡುವುದಿಲ್ಲ. ಮೊಸರು ಮತ್ತು ಮಜ್ಜಿಗೆ ಇನ್ನೂ ಸುಲಭವಾಗಿ ಒಗ್ಗುತ್ತವೆ, ಏಕೆಂದರೆ ಹೆಪ್ಪಿನ ಜೀವಾಣುಗಳು ಲ್ಯಾಕ್ಟೋಸಿನ ಒಂದು ಭಾಗವನ್ನು ಮೊದಲೇ ತಿಂದು ಹುಳಿಯಾಗಿ ಮಾರ್ಪಡಿಸಿರುತ್ತವೆ. ಚೆನ್ನಾಗಿ ಕಾಯಿಸಿದ ತುಪ್ಪದಲ್ಲಿ ಆ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಹಾಲು ಒಗ್ಗದೆಂದ ಮಾತ್ರಕ್ಕೆ ಗೋರಸವನ್ನೆಲ್ಲ ತ್ಯಜಿಸಬೇಕಾಗಿಲ್ಲ. ಎರಡು ವಾರ ಹಾಲನ್ನು ಬಿಟ್ಟು ಮಜ್ಜಿಗೆಯನ್ನಷ್ಟೇ ಸೇವಿಸಿ, ಹೊಟ್ಟೆಯ ಸ್ಥಿತಿಯನ್ನು ಗಮನಿಸಿ, ಅನಂತರ ವೈದ್ಯರನ್ನು ಕಾಣುವುದು ದೊಡ್ಡವರಿಗೆ ಹೇಳಬಹುದಾದ ಮೊದಲ ಹೆಜ್ಜೆ.

ಎರಡನೆಯ ವರ್ಗದವರು ಹಾಲಿನ ಸಸಾರಜನಕದ ಅಲರ್ಜಿಯುಳ್ಳವರು. ಇದು ಹೆಚ್ಚಾಗಿ ಎಳೆಯ ಮಕ್ಕಳಲ್ಲಿ ಕಾಣಿಸುತ್ತದೆ. ಮೈಮೇಲೆ ದದ್ದು, ವಾಂತಿ, ಮಲದಲ್ಲಿ ರಕ್ತ, ಉಬ್ಬಸ ಇದರ ಚಿಹ್ನೆಗಳು. ಇವರಿಗೆ ಒಂದು ಚಮಚ ಮೊಸರೂ ಆಗದಿರಬಹುದು. ಲ್ಯಾಕ್ಟೋಸ್ ಅರಗದಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಮನೆಯಲ್ಲಿ ಪರೀಕ್ಷಿಸಲು ಹೊರಡದೆ ತಜ್ಞರಿಗೆ ಒಪ್ಪಿಸಬೇಕು. ಮಕ್ಕಳಿಗೆ ಭಾರಿ ಭೇದಿಯಾದ ಬಳಿಕ ಕೆಲವು ದಿನ ಹಾಲು ಅರಗದಿರುವುದೂ ಉಂಟು. ಅದು ತಾತ್ಕಾಲಿಕ. ಆ ಕಾರಣದಿಂದ ತಾಯಿಯ ಹಾಲನ್ನು ನಿಲ್ಲಿಸಬಾರದು.

ಮೂರನೆಯವರು ಮನಸ್ಸಾಕ್ಷಿಯ ಕಾರಣದಿಂದ ಹಾಲು ಬಿಡುವವರು. ಕರುವಿನ ಪಾಲು ನಮಗೇಕೆ, ಬತ್ತಿದ ಹಸುವಿನ ಗತಿಯೇನು, ಹಾಲು ಕೊಡದ ಹೋರಿಗರುವಿನ ಗತಿಯೇನು ಎಂದು ಕೇಳುವ ಯುವಕ ಯುವತಿಯರು ಈಗ ನಮ್ಮ ಮನೆಗಳಲ್ಲಿಯೂ ಇದ್ದಾರೆ. ನಾಲ್ಕನೆಯವರು ಯಾವ ಮತವೂ ಇಲ್ಲದೆ, ಕೇವಲ ಹಸುವಿಲ್ಲದ ಕಾರಣ, ದಿನವೂ ಹಾಲು ಕೊಳ್ಳುವ ಶಕ್ತಿಯಿಲ್ಲದ ಕಾರಣ ಹಾಲಿಲ್ಲದೆ ಬಾಳುವವರು. ಇವರ ಕಷ್ಟ ಚರ್ಚೆಗೆ ಬರುವುದೇ ಕಡಿಮೆ.

ಹಾಲೆಂಬ ಮಾತಿನ ಹರಹು

ಗಿಡದ ಹಾಲು ಎಂದರೆ ಪರದೇಶದ ಹೊಸ ಪದ್ಧತಿ ಎಂದು ಮೂಗು ಮುರಿಯುವವರುಂಟು. ಆದರೆ ಕನ್ನಡದಲ್ಲಿ ಹಾಲೆಂಬ ಮಾತು ಎಂದೂ ಹಸು ಎಮ್ಮೆಗಳಿಗೆ ಮಾತ್ರ ಮೀಸಲಾಗಿಲ್ಲ. ಭತ್ತದ ತೆನೆ ಹಾಲುದುಂಬುತ್ತದೆ. ಎಕ್ಕದ ಎಲೆ ಮುರಿದರೆ ಹಾಲು ಸುರಿಯುತ್ತದೆ. ತುರಿದ ತೆಂಗನ್ನು ಹಿಂಡಿದರೆ ಬರುವುದು ಕಾಯಿಹಾಲು. ಮಂಡ್ಯ ಸೀಮೆಯ ಹಬ್ಬದೂಟದಲ್ಲಿ ಒತ್ತುಶ್ಯಾವಿಗೆಗೆ ಬೆಲ್ಲ, ಏಲಕ್ಕಿ, ಗಸಗಸೆ ಕೂಡಿದ ಕಾಯಿಹಾಲನ್ನೇ ಬಡಿಸುತ್ತಾರೆ. ನಮ್ಮ ಅಜ್ಜಿಯಂದಿರ ಕೈಯ ಹಾಲುಬಾಯಿಯನ್ನು ನೆನೆದುಕೊಳ್ಳಿ. ಅಕ್ಕಿಯನ್ನೋ ರಾಗಿಯನ್ನೋ ನೆನೆಸಿ, ತೆಂಗಿನೊಂದಿಗೆ ರುಬ್ಬಿ, ಸೋಸಿದ ಹಾಲಿಗೆ ಬೆಲ್ಲ ಹಾಕಿ ಗಟ್ಟಿಯಾಗುವವರೆಗೆ ತಿರುವಿ ಮಾಡುವ ಆ ಸಿಹಿಯ ಹೆಸರಿನಲ್ಲಿಯೇ ಹಾಲಿದೆ. ಹಸುವಿನ ಹಾಲಿನ ಹನಿಯೂ ಅದರಲ್ಲಿಲ್ಲ.

ಇದಕ್ಕೆ ಒಂದು ಐತಿಹಾಸಿಕ ಕಾರಣವೂ ಇದೆ. ನಮ್ಮ ಸೀಮೆಯ ಹೆಮ್ಮೆಯ ಹಳ್ಳಿಕಾರ್ ತಳಿ ಉಳುಮೆಗೆ, ಗಾಡಿಗೆ ಹೆಸರಾದದ್ದು. ಅದರ ಹಸು ಕರುವಿಗೆ ಬಿಟ್ಟು ಮಿಕ್ಕಿದ ಸ್ವಲ್ಪ ಹಾಲನ್ನಷ್ಟೇ ಮನೆಗೆ ಕೊಡುತ್ತಿತ್ತು. ಲೀಟರುಗಟ್ಟಲೆ ಹಾಲು ಕರೆಯುವ ಮಿಶ್ರತಳಿಯ ಹಸುಗಳು ಮನೆಮನೆಗೆ ಬಂದದ್ದು 1970ರಿಂದ 1996ರವರೆಗೆ ನಡೆದ ಕ್ಷೀರಧಾರೆಯ ಕಾರ್ಯಕ್ರಮ ಮತ್ತು ಹಾಲು ಉತ್ಪಾದಕರ ಸಹಕಾರ ಸಂಘಗಳ ಕಾಲದಲ್ಲಿ. ಅದಕ್ಕೆ ಮುಂಚಿನ ಅಡುಗೆಮನೆ ತೆಂಗು, ಎಳ್ಳು, ಹುಚ್ಚೆಳ್ಳು, ಗಸಗಸೆ, ರಾಗಿಗಳನ್ನು ಇಂದಿಗಿಂತ ಹೆಚ್ಚು ನೆಚ್ಚಿತ್ತು. ದಿನಕ್ಕೆರಡು ಲೋಟ ಹಾಲು ಕುಡಿಯುವುದು ನಾವು ತಿಳಿದಷ್ಟು ಪುರಾತನವಾದ ರೂಢಿಯಲ್ಲ.

ಹೊರಗಿನ ಜಗತ್ತಿನಲ್ಲಿಯೂ ಹೀಗೆಯೇ. ಚೀನಾದಲ್ಲಿ ಸೋಯಾ ಹಾಲು ತಲೆಮಾರುಗಳ ಬೆಳಗಿನ ಉಪಾಹಾರ. ಮಧ್ಯಯುಗದ ಯುರೋಪಿನ ಕ್ರೈಸ್ತರು ಉಪವಾಸದ ದಿನಗಳಲ್ಲಿ ಬಾದಾಮಿಯ ಹಾಲನ್ನು ಬಳಸುತ್ತಿದ್ದರು. ಸ್ಪೇನಿನ ವೇಲೆನ್ಸಿಯಾ ಪ್ರಾಂತದಲ್ಲಿ ನಮ್ಮ ಹೊಲದ ಕೊನ್ನಾರಿಗೆ ಸಮೀಪದ ಜಾತಿಯ ಗೆಡ್ಡೆಯಿಂದ ತಂಪಾದ ಹಾಲು ತೆಗೆಯುತ್ತಾರೆ. ಈಚೆಗೆ ಎಲ್ಲೆಡೆ ಹೆಸರು ಮಾಡಿರುವ ಓಟ್ಸ್ ಹಾಲು 1990ರ ದಶಕದಲ್ಲಿ ಸ್ವೀಡನ್ ದೇಶದ ಲುಂಡ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹುಟ್ಟಿದ್ದು.

ಮೈಸೂರು ಕಲಿಸಿದ ಕಡಲೆಕಾಯಿ ಹಾಲು

ಈ ವಿಷಯದಲ್ಲಿ ನಮ್ಮ ನಾಡು ಯಾರಿಗೂ ಹಿಂದೆ ಬಿದ್ದಿರಲಿಲ್ಲವೆಂಬುದನ್ನು ಅನೇಕರು ಅರಿಯರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಡಾ. ವಿ. ಸುಬ್ರಹ್ಮಣ್ಯನ್ ಅವರು 1940ರ ದಶಕದಲ್ಲಿ, ಆಹಾರದ ಕೊರತೆ ದೇಶವನ್ನು ಕಾಡುತ್ತಿದ್ದ ಕಾಲದಲ್ಲಿ, ಸಹೋದ್ಯೋಗಿಗಳೊಂದಿಗೆ ಸೋಯಾ ಹಾಲಿನ ಮೇಲೆ ಸಂಶೋಧನೆ ನಡೆಸಿದರು. 1950ರ ಅಕ್ಟೋಬರ್ 21ರಂದು ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದವರು ಅವರೇ. ಕಡಲೆಕಾಯಿ ಹಿಟ್ಟು ಮತ್ತು ಕಡಲೆ ಹಿಟ್ಟು ಕೂಡಿದ ಬಹೂಪಯೋಗಿ ಆಹಾರ ಆ ಸಂಸ್ಥೆಯ ಕೊಡುಗೆ.

ಎಣ್ಣೆ ತೆಗೆದ ಕಡಲೆಕಾಯಿಯಿಂದ ಬೇರ್ಪಡಿಸಿದ ಸಸಾರಜನಕವನ್ನು ಎಮ್ಮೆಯ ಹಾಲಿನೊಂದಿಗೆ ಕೂಡಿಸಿ, ಗ್ಲೂಕೋಸ್, ಜೀವಸತ್ತ್ವ ಮತ್ತು ಲವಣಗಳನ್ನು ಸೇರಿಸಿ 'ಮಿಲ್ಟೋನ್' ಎಂಬ ಪಾನೀಯವನ್ನೂ ಅಲ್ಲಿ ರೂಪಿಸಿದರು. ಇದ್ದ ಹಾಲನ್ನು ಹೆಚ್ಚು ಮಕ್ಕಳಿಗೆ ಮುಟ್ಟಿಸುವುದು ಅದರ ಆಶಯ. 1970ರ ದಶಕದಲ್ಲಿ ಅದು ಬೆಂಗಳೂರಿನಲ್ಲಿ ತಯಾರಾಗಿ ಹಂಚಿಕೆಯಾಯಿತು. ಆಮೇಲೆ ಹಾಲಿನ ಉತ್ಪಾದನೆ ಹೆಚ್ಚಿತು, ಮಿಲ್ಟೋನ್ ಜನರ ನೆನಪಿನಿಂದ ಮರೆಯಾಯಿತು. ಆದರೆ ಅದು ಕಲಿಸಿದ ಪಾಠ ಇಂದಿಗೂ ಸಲ್ಲುತ್ತದೆ. ಹಸುವಿನ ಹಾಲೂ ಕಾಳಿನ ಹಾಲೂ ವೈರಿಗಳಲ್ಲ, ಒಂದರ ಕೊರತೆಯನ್ನು ಇನ್ನೊಂದು ತುಂಬಬಲ್ಲುದು.

ಯಾವುದರಲ್ಲಿ ಏನಿದೆ, ಏನಿಲ್ಲ

ಬಿಳಿಯದೆಲ್ಲ ಹಾಲಲ್ಲವೆಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ನೂರು ಮಿಲಿಲೀಟರು ಹಸುವಿನ ಹಾಲಿನಲ್ಲಿ ಸುಮಾರು 3.2 ಗ್ರಾಂ ಸಸಾರಜನಕವೂ 120 ಮಿಲಿಗ್ರಾಂ ಸುಣ್ಣಾಂಶವೂ ಇವೆ. ಕ್ಯಾಲ್ಸಿಯಂ ಎಂದು ವೈದ್ಯರು ಹೇಳುವುದು ಈ ಸುಣ್ಣಾಂಶವನ್ನೇ. ಇವುಗಳ ಜೊತೆಗೆ ಬಿ-12 ಎಂಬ ಜೀವಸತ್ತ್ವವೂ ಇದೆ. ಈ ಮೂರನ್ನು ಮುಂದಿಟ್ಟುಕೊಂಡು ಬದಲಿ ಹಾಲುಗಳನ್ನು ತೂಗಿ ನೋಡಬೇಕು.

ಸಸಾರಜನಕದಲ್ಲಿ ಹಸುವಿನ ಹಾಲಿಗೆ ಸರಿಗಟ್ಟುವುದು ಸೋಯಾ ಹಾಲು ಮಾತ್ರ. ಮನೆಯಲ್ಲಿ ಮಾಡಿದ ಕಡಲೆಕಾಯಿ ಹಾಲು, ನೀರನ್ನು ಹೆಚ್ಚು ಬೆರೆಸದಿದ್ದರೆ, ಅದರ ಹತ್ತಿರ ಬರುತ್ತದೆ. ಕಾಯಿಹಾಲಿನಲ್ಲಿ ರುಚಿಯೂ ಜಿಡ್ಡೂ ಹೇರಳ, ಸಸಾರಜನಕವೂ ಸುಣ್ಣಾಂಶವೂ ಅತ್ಯಲ್ಪ. ಅದು ಪಾಯಸಕ್ಕೆ, ಸಾಗುವಿಗೆ ಸೊಗಸು. ಮಗುವಿನ ದಿನನಿತ್ಯದ ಹಾಲಿಗೆ ಬದಲಿಯಾಗಲಾರದು. ಅಂಗಡಿಯ ಬಾದಾಮಿ ಪಾನೀಯದಲ್ಲಿ ಬಾದಾಮಿಗಿಂತ ನೀರಿನ ಪಾಲೇ ಬಹಳ ಹೆಚ್ಚು. ನೂರು ಮಿಲಿಲೀಟರಿಗೆ ಒಂದು ಗ್ರಾಂ ಸಸಾರಜನಕವೂ ಇಲ್ಲದವು ಅನೇಕ.

ಸುಣ್ಣಾಂಶದ ವಿಷಯದಲ್ಲಿ ಮಂಡ್ಯ ಸೀಮೆಯವರು ಚಿಂತಿಸಬೇಕಾದುದು ಕಡಿಮೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣಾಂಶವಿದೆ. ಅಕ್ಕಿ ಗೋಧಿಗಳು ಇದರ ಹತ್ತಿರವೂ ಸುಳಿಯಲಾರವು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದು, ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ನೀಡಿ, 'ರಾಗಿ ಬ್ರಹ್ಮ' ಎನಿಸಿಕೊಂಡ ಲಕ್ಷ್ಮಣಯ್ಯನವರು ನಮ್ಮ ಜಿಲ್ಲೆಯ ಮಣ್ಣಿನಲ್ಲಿಯೇ ಆ ಕಾಯಕ ನಡೆಸಿದರೆಂಬುದು ಸ್ಮರಣೀಯ. ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರಾಗಿಯ ಸುಣ್ಣಾಂಶದ ಬಹುಪಾಲು ಅದರ ಸಿಪ್ಪೆಯಲ್ಲಿದೆ. ರಾಗಿಯನ್ನು ರುಬ್ಬಿ ಬಟ್ಟೆಯಲ್ಲಿ ಸೋಸಿ ಬಿಳಿಯ ಹಾಲನ್ನಷ್ಟೇ ಮಗುವಿಗೆ ಕೊಟ್ಟು ಚರಟವನ್ನು ದನಕ್ಕೆ ಹಾಕಿದರೆ ಸುಣ್ಣಾಂಶ ದನದ ಪಾಲಾಗುತ್ತದೆ. ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನ ಅಂಬಲಿ ಇದಕ್ಕಿಂತ ಮೇಲು. ಮೊಳಕೆ ಬರಿಸುವುದರಿಂದ ಸುಣ್ಣ ಕಬ್ಬಿಣಗಳನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗಿ ಅವು ಮೈಗೆ ಹೆಚ್ಚು ಹತ್ತುತ್ತವೆ. ಎಳ್ಳಿನಲ್ಲಿ ಸುಣ್ಣಾಂಶ ರಾಗಿಗಿಂತಲೂ ಹಲವು ಪಟ್ಟು ಹೆಚ್ಚು. ಸಿಪ್ಪೆಯಲ್ಲಿರುವುದೆಲ್ಲ ದೇಹಕ್ಕೆ ದಕ್ಕದಿದ್ದರೂ ಹುರಿದ ಎಳ್ಳಿನ ಪುಡಿಯ ಒಂದು ಚಮಚ ದಿನವೂ ಊಟದಲ್ಲಿರುವುದು ಒಳಿತು. ನುಗ್ಗೆಸೊಪ್ಪು, ಅಗಸೆಸೊಪ್ಪು, ಕರಿಬೇವುಗಳೂ ಈ ಪಂಕ್ತಿಗೆ ಸೇರಿದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಸುಣ್ಣಾಂಶ ಬೇಕೆಂದು ತಿಳಿಸಿದೆ. ಒಂದೇ ಪದಾರ್ಥದಿಂದ ಅಷ್ಟು ದೊರೆಯದು. ರಾಗಿ, ಸೊಪ್ಪು, ಎಳ್ಳು, ಮಜ್ಜಿಗೆ ಎಲ್ಲವೂ ಕೂಡಿ ಅದನ್ನು ತುಂಬಬೇಕು.

ಬಿ-12ರ ಎಚ್ಚರಿಕೆ

ಈ ಲೇಖನದಲ್ಲಿ ತಾಯಂದಿರು ಮರೆಯದೆ ನೆನಪಿಡಬೇಕಾದ ಒಂದು ಮಾತಿದ್ದರೆ ಅದು ಇದು. ಬಿ-12 ಜೀವಸತ್ತ್ವ ಸಸ್ಯಾಹಾರದಲ್ಲಿ ನೆಚ್ಚಬಹುದಾದಷ್ಟು ಪ್ರಮಾಣದಲ್ಲಿ ದೊರೆಯುವುದಿಲ್ಲ. ಮಾಂಸ ಮೊಟ್ಟೆಗಳನ್ನು ಮುಟ್ಟದ ನಮ್ಮ ಮನೆತನಗಳಲ್ಲಿ ಅದಕ್ಕೆ ಉಳಿದಿರುವ ಆಸರೆ ಹಾಲು ಮೊಸರುಗಳು ಮಾತ್ರ. ಆ ಆಸರೆಯನ್ನೂ ಬಿಟ್ಟವರಿಗೆ ಒಂದೆರಡು ವರ್ಷ ಏನೂ ತಿಳಿಯದಿರಬಹುದು, ಏಕೆಂದರೆ ಯಕೃತ್ತಿನಲ್ಲಿ ಅದರ ಸಂಗ್ರಹವಿರುತ್ತದೆ. ಅದು ಬರಿದಾದಾಗ ರಕ್ತಹೀನತೆ, ಕೈಕಾಲುಗಳಲ್ಲಿ ಜೋಮು, ನಡಿಗೆಯಲ್ಲಿ ತೊಡಕು, ಮರೆವು ಕಾಣಿಸಿಕೊಳ್ಳುತ್ತವೆ. ತಡವಾದರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದಿರುವುದೂ ಉಂಟು.

ಇದಕ್ಕಿಂತ ಘೋರವಾದುದು ಹಸುಗೂಸಿನ ಪಾಡು. ಗರ್ಭಿಣಿಯಾಗಿ, ಬಾಣಂತಿಯಾಗಿ ಬಿ-12 ಕೊರತೆಯಲ್ಲಿರುವ ತಾಯಿಯ ಎದೆಹಾಲಿನಲ್ಲಿಯೂ ಅದು ಕಡಿಮೆಯಿರುತ್ತದೆ. ಅಂತಹ ಕೂಸು ಮೊದಲ ತಿಂಗಳುಗಳಲ್ಲಿ ನಗುತ್ತ, ಕತ್ತು ನಿಲ್ಲಿಸುತ್ತ ಚೆನ್ನಾಗಿಯೇ ಇದ್ದು, ಆಮೇಲೆ ಕಲಿತದ್ದನ್ನು ಮರೆಯತೊಡಗುತ್ತದೆ. ಮಂಕಾಗುತ್ತದೆ, ಕೆಲವೊಮ್ಮೆ ಕೈಕಾಲು ನಡುಗುತ್ತವೆ. ನಮ್ಮ ದೇಶದ ಮಕ್ಕಳ ವೈದ್ಯರಿಗೆ ಈ ಸ್ಥಿತಿ ಚಿರಪರಿಚಿತ. ಬೇಗ ಗುರುತಿಸಿದರೆ ಸುಲಭವಾದ ಚಿಕಿತ್ಸೆಯೂ ಇದೆ. ಆದ್ದರಿಂದ ಯಾವ ಕಾರಣದಿಂದಾದರೂ ಹಾಲು ಮೊಸರುಗಳನ್ನು ಪೂರ್ತಿಯಾಗಿ ಬಿಡುವವರು, ವಿಶೇಷವಾಗಿ ಬಸುರಿ ಬಾಣಂತಿಯರು, ವೈದ್ಯರ ಸಲಹೆಯಂತೆ ಬಿ-12 ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳಬೇಕು. ವ್ರತವನ್ನು ಹಿಡಿಯುವವರು ಅದರ ಜೊತೆಗಿನ ಹೊಣೆಯನ್ನೂ ಹೊರಬೇಕು.

ಒಂದು ವರ್ಷದೊಳಗಿನ ಕೂಸಿಗೆ ಯಾವ ಕಾಳಿನ ಹಾಲೂ ತಾಯಿಯ ಹಾಲಿಗೆ ಬದಲಿಯಲ್ಲ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಅನಂತರ ಮೆತ್ತನೆಯ ಆಹಾರದೊಂದಿಗೆ ಎರಡು ವರ್ಷದವರೆಗೂ ಎದೆಹಾಲು ಎಂಬುದೇ ಎಲ್ಲ ತಜ್ಞರ ಮತ. ಎದೆಹಾಲು ದೊರೆಯದ ಕೂಸಿಗೆ ಏನು ಕೊಡಬೇಕೆಂಬುದನ್ನು ವೈದ್ಯರೇ ನಿರ್ಧರಿಸಲಿ. ಬೆಳೆಯುವ ಮಗುವಿಗೆ ಹಾಲು ಬಿಡಿಸಬೇಕಾದಾಗಲೂ ಅವರ ಮಾತಿನಂತೆಯೇ ನಡೆಯಬೇಕು.

ಮನೆಯಲ್ಲಿ ಮಾಡುವ ಕ್ರಮ

ಕಡಲೆಕಾಯಿ ಹಾಲು: ಒಂದು ಲೋಟ ಕಡಲೆಕಾಯಿ ಬೀಜವನ್ನು ಚೆನ್ನಾಗಿ ಆರಿಸಿಕೊಳ್ಳಬೇಕು. ಬೂಸಲು ಹಿಡಿದ, ಸುಕ್ಕಾದ, ಬಣ್ಣಗೆಟ್ಟ ಒಂದು ಬೀಜವೂ ಉಳಿಯಬಾರದು. ಅಂತಹ ಬೀಜಗಳಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು. ಅದು ಯಕೃತ್ತಿಗೆ ಮಾರಕ, ಕುದಿಸಿದರೂ ಹೋಗದು. ಆರಿಸಿದ ಬೀಜವನ್ನು ಆರೆಂಟು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಬಿಸಿನೀರಿನಲ್ಲಿ ಕೊಂಚ ಹೊತ್ತಿಟ್ಟು ಸಿಪ್ಪೆಯನ್ನು ಉಜ್ಜಿ ತೆಗೆಯಬೇಕು. ನುಣ್ಣಗೆ ರುಬ್ಬಿ, ಐದಾರು ಲೋಟ ನೀರು ಬೆರೆಸಿ, ತೆಳುಬಟ್ಟೆಯಲ್ಲಿ ಹಿಂಡಬೇಕು. ಬಂದ ಹಾಲನ್ನು ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ಕೈಯಾಡಿಸುತ್ತ ಹತ್ತು ನಿಮಿಷ ಕುದಿಸಬೇಕು. ಬೆಲ್ಲ, ಏಲಕ್ಕಿಯನ್ನು ಒಲೆಯಿಂದ ಇಳಿಸಿದ ಮೇಲೆ ಸೇರಿಸಿದರೆ ಒಡೆಯುವುದಿಲ್ಲ. ಹಿಂಡಿದ ಚರಟವನ್ನು ಎಸೆಯದೆ ಚಟ್ನಿಗೋ ರೊಟ್ಟಿಗೋ ಬಳಸಬಹುದು.

ಸೋಯಾ ಹಾಲು: ಅವರೆಯಂತೆ ರಾತ್ರಿ ನೆನೆಸಿ ಬೆಳಿಗ್ಗೆ ಹಿಸುಕಿ ಸಿಪ್ಪೆ ತೆಗೆಯಬೇಕು. ಕುದಿಯುವ ನೀರು ಹಾಕಿ ರುಬ್ಬಿದರೆ ಹಸಿವಾಸನೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಸೋಸಿದ ಹಾಲನ್ನು ಹದಿನೈದು ಇಪ್ಪತ್ತು ನಿಮಿಷ ಕುದಿಸಲೇಬೇಕು. ಹಸಿ ಸೋಯಾದಲ್ಲಿ ಸಸಾರಜನಕದ ಪಚನವನ್ನು ತಡೆಯುವ ಅಂಶವಿದೆ, ಕುದಿತದಿಂದ ಅದು ನಾಶವಾಗುತ್ತದೆ. ಥೈರಾಯ್ಡ್ ಮಾತ್ರೆ ಸೇವಿಸುವವರು ಮಾತ್ರೆಗೂ ಸೋಯಾಕ್ಕೂ ನಡುವೆ ಕೆಲವು ಗಂಟೆಗಳ ಅಂತರವಿಡಬೇಕು.

ರಾಗಿ ಮಾಲ್ಟ್: ರಾಗಿಯನ್ನು ತೊಳೆದು, ರಾತ್ರಿ ನೆನೆಸಿ, ತೇವದ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಹಿಟ್ಟು ಮಾಡಿಸಿಟ್ಟುಕೊಳ್ಳಬೇಕು. ಈ ಹಿಟ್ಟನ್ನು ನೀರಿನಲ್ಲಿ ಕದಡಿ ಕುದಿಸಿ, ಕಡಲೆಕಾಯಿ ಹಾಲನ್ನು ಕೂಡಿಸಿದರೆ ರಾಗಿಯ ಸುಣ್ಣಾಂಶವೂ ಕಡಲೆಕಾಯಿಯ ಸಸಾರಜನಕವೂ ಒಂದೇ ಲೋಟದಲ್ಲಿ ದೊರೆಯುತ್ತವೆ. ನಮ್ಮ ಸೀಮೆಗೆ ಇದಕ್ಕಿಂತ ಒಪ್ಪುವ, ಅಗ್ಗವಾದ ಪೇಯ ಇನ್ನೊಂದಿಲ್ಲ.

ಈ ಹಾಲುಗಳೆಲ್ಲ ಬೇಗ ಕೆಡುತ್ತವೆ. ಮಾಡಿದ ದಿನವೇ ಮುಗಿಸಬೇಕು. ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ. ಕಾಫಿಗೆ ಹಾಕುವಾಗ ಒಡೆಯುತ್ತದೆಂಬ ದೂರು ಸಾಮಾನ್ಯ. ಹಾಲನ್ನು ಬೆಚ್ಚಗೆ ಮಾಡಿಕೊಂಡು ಅದಕ್ಕೆ ಡಿಕಾಕ್ಷನ್ನನ್ನು ನಿಧಾನವಾಗಿ ಹೊಯ್ದರೆ ಈ ತೊಂದರೆ ಕಡಿಮೆ. ಕಡಲೆಕಾಯಿ ಅಥವಾ ಸೋಯಾ ಅಲರ್ಜಿಯುಳ್ಳವರು ಅವುಗಳ ಹಾಲನ್ನು ಮುಟ್ಟಬಾರದು. ಮೂತ್ರಪಿಂಡದ ರೋಗವುಳ್ಳವರು ವೈದ್ಯರನ್ನು ಕೇಳದೆ ಬದಲಾವಣೆ ಮಾಡಿಕೊಳ್ಳಬಾರದು.

ಅಂಗಡಿಯ ಪೊಟ್ಟಣವನ್ನು ಕೊಳ್ಳುವವರು ಹೆಸರಿಗಿಂತ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ಸಸಾರಜನಕ ಎಷ್ಟು, ಸಕ್ಕರೆ ಎಷ್ಟು, ಸುಣ್ಣಾಂಶ ಮತ್ತು ಬಿ-12 ಸೇರಿಸಿದ್ದಾರೆಯೇ ಎಂಬ ನಾಲ್ಕು ಸಂಗತಿಗಳು ಸಾಕು. ಇಂತಹ ಸಸ್ಯಜನ್ಯ ಪೇಯಗಳನ್ನು ಹಾಲೆಂಬ ಹೆಸರಿನಲ್ಲಿ ಮಾರಬಾರದೆಂದು ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2021ರಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚನೆ ನೀಡಿತು. ಪೊಟ್ಟಣದ ಮೇಲೆ 'ಪಾನೀಯ' ಎಂದಿದ್ದರೆ ಅದರ ಕಾರಣವಿದು.

ಹಸು ಸಾಕಿದ ಮನೆಯ ಪ್ರಶ್ನೆ

ಇಷ್ಟೆಲ್ಲ ಓದಿದ ದುದ್ದದ ರೈತ ಬಂಧುವೊಬ್ಬರು, "ಎಲ್ಲರೂ ಕಾಳಿನ ಹಾಲು ಕುಡಿದರೆ ನಮ್ಮ ಗತಿಯೇನು ಸ್ವಾಮಿ?" ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಮಳೆ ಕೈಕೊಟ್ಟ ವರ್ಷ, ಕಬ್ಬಿನ ಹಣ ತಡವಾದ ವರ್ಷ ಮನೆಯನ್ನು ನಡೆಸಿದ್ದು ಡೇರಿಯ ಬಟವಾಡೆ. ಮಕ್ಕಳ ಶಾಲೆಯ ಶುಲ್ಕ, ಔಷಧಿ, ಹಬ್ಬದ ಬಟ್ಟೆ ಬಂದದ್ದು ಅದರಿಂದ. ಹುಲ್ಲು ಕೊಯ್ದು, ಸಗಣಿ ಬಾಚಿ, ಹಾಲು ಕರೆದು ದುಡಿಯುವವರು ಬಹುಮಟ್ಟಿಗೆ ಹೆಣ್ಣುಮಕ್ಕಳು. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿರುವ ಜಿಲ್ಲಾ ಹಾಲು ಒಕ್ಕೂಟಕ್ಕೆ ಹರಿದು ಬರುವ ಹಾಲಿನ ಹಿಂದೆ ಇಂತಹ ಸಹಸ್ರಾರು ಕೈಗಳ ಕಾಯಕವಿದೆ. ಅದನ್ನು ಹಗುರವಾಗಿ ನುಡಿಯುವವರು ಕಾಯಕದ ತತ್ತ್ವವನ್ನೇ ಅರಿಯದವರು.

ಆದರೆ ಹಾಲು ಒಗ್ಗದ ಒಬ್ಬರು ಬೇರೆ ಪೇಯವನ್ನು ಆರಿಸಿಕೊಂಡ ಮಾತ್ರಕ್ಕೆ ಈ ಕಾಯಕಕ್ಕೆ ಕುಂದು ಬರುವುದಿಲ್ಲ. ರಾಗಿ, ಎಳ್ಳು, ಕಡಲೆಕಾಯಿ, ತೆಂಗುಗಳನ್ನು ಬೆಳೆಯುವವನೂ ರೈತನೇ ಅಲ್ಲವೇ? ನಿಜವಾಗಿ ಯೋಚಿಸಬೇಕಾದ ವಿಷಯ ಇನ್ನೊಂದಿದೆ. ಕರೆದ ಹಾಲನ್ನೆಲ್ಲ ಡೇರಿಗೆ ಹಾಕಿ, ಮನೆಯ ಮಕ್ಕಳಿಗೆ ಬರಿಯ ಕಪ್ಪು ಚಹಾ ಕೊಡುವ ಮನೆಗಳು ನಮ್ಮ ನಡುವೆ ಇಲ್ಲವೇ? ಶಾಲೆಯ ಮಕ್ಕಳಿಗೆ 150 ಮಿಲಿಲೀಟರು ಹಾಲು ಕೊಡುವ ಕ್ಷೀರಭಾಗ್ಯ ಯೋಜನೆಯನ್ನು ಸರ್ಕಾರ 2013ರ ಆಗಸ್ಟ್ 1ರಂದು ಆರಂಭಿಸಿತು. 2024ರ ಫೆಬ್ರವರಿಯಲ್ಲಿ ವಾರಕ್ಕೆ ಮೂರು ದಿನ ಆ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡುವ ಕ್ರಮವೂ ಜಾರಿಗೆ ಬಂದಿತು. ಹಾಲು ಮತ್ತು ರಾಗಿ ಒಂದೇ ಲೋಟದಲ್ಲಿ ಕೂಡಿದ ಈ ಏರ್ಪಾಡು ಮನೆಗಳಿಗೂ ಮಾದರಿ. ಹಸುವಿರುವ ಮನೆಯವರು ಮೊದಲು ಮನೆಯ ಮಕ್ಕಳ ಪಾಲನ್ನು ತೆಗೆದಿಟ್ಟು ಮಿಕ್ಕಿದ್ದನ್ನು ಡೇರಿಗೆ ಹಾಕಲಿ. ಹಸುವಿಲ್ಲದ ಮನೆಯವರು ಹಾಲಿಲ್ಲವೆಂದು ಕೈಚೆಲ್ಲದೆ ರಾಗಿ ಕಡಲೆಕಾಯಿಗಳನ್ನು ಆಶ್ರಯಿಸಲಿ.

ಮನಸ್ಸಾಕ್ಷಿಯಿಂದ ಹಾಲು ಬಿಟ್ಟ ಮಗನನ್ನೋ ಮಗಳನ್ನೋ ಹಿರಿಯರು ಹೀಯಾಳಿಸಬಾರದು. ದಯೆಯೇ ಧರ್ಮದ ಬೇರೆಂದು ನಂಬಿದ ಪರಂಪರೆಯಲ್ಲಿ, ಮೂಕಪ್ರಾಣಿಯ ನೋವನ್ನು ಕುರಿತು ಎತ್ತಿದ ಪ್ರಶ್ನೆ ತಲೆಹರಟೆಯಾಗಲಾರದು. ಅದರಂತೆಯೇ ಆ ಮಕ್ಕಳೂ ಹಸುವನ್ನು ಮನೆಯ ಮಗಳಂತೆ ಸಾಕಿದ ತಾಯಿಯನ್ನು ಕ್ರೂರಿಯೆಂದು ನಿಂದಿಸಬಾರದು. ಕರುವಿಗೆ ಹೊಟ್ಟೆ ತುಂಬ ಬಿಟ್ಟು ಕರೆಯುವುದು, ಬತ್ತಿದ ಹಸುವನ್ನೂ ಹೋರಿಗರುವನ್ನೂ ಕೈಬಿಡದಿರುವುದು ಇಬ್ಬರೂ ಒಪ್ಪಬಹುದಾದ ನೆಲೆ.

ಪ್ರಸಾದದ ವಿಷಯದಲ್ಲಿ ಕೆಲವು ಭಕ್ತರಿಗೆ ಸಂಕೋಚವುಂಟು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದಾದುದರಿಂದ ಹಾಲಿನ ಪಾಯಸವನ್ನು ಬೇಡವೆನ್ನುವುದು ಹೇಗೆಂದು ಅವರು ಅಳುಕುತ್ತಾರೆ. ಪ್ರಸಾದದಲ್ಲಿ ಮುಖ್ಯವಾದುದು ಅರ್ಪಿತ ಭಾವ, ಪ್ರಮಾಣವಲ್ಲ. ಹಾಲು ಅರಗದವರು ಬಡಿಸುವಾಗಲೇ ಒಂದು ಹನಿಯನ್ನಷ್ಟೇ ಕೇಳಿ ಪಡೆದರೆ ಎಲೆಯಲ್ಲಿ ಬಿಟ್ಟ ದೋಷವೂ ಇರದು, ಹೊಟ್ಟೆಯ ಬಾಧೆಯೂ ಇರದು. ಅಲರ್ಜಿಯುಳ್ಳ ಮಕ್ಕಳಿಗೆ ಆ ಹನಿಯೂ ಅಪಾಯವಾದೀತು. ಆದುದರಿಂದ ದಾಸೋಹ ನಡೆಸುವ ಮಠಗಳೂ ಮದುವೆ ಮಾಡುವ ಮನೆಗಳೂ ಹಾಲಿನ ಪಾಯಸದ ಪಕ್ಕದಲ್ಲಿ ಕಾಯಿಹಾಲಿನ ಪಾಯಸದ ಒಂದು ಪಾತ್ರೆಯನ್ನು ಇಡುವ ರೂಢಿ ಮಾಡಿದರೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ತೃಪ್ತಿಯಿಂದ ಉಣ್ಣಬಹುದು. ಬಡಿಸುವವರು, "ಇದು ಹಸುವಿನ ಹಾಲಿನದು, ಇದು ಕಾಯಿಹಾಲಿನದು" ಎಂದು ಹೇಳಿ ಬಡಿಸಿದರೆ ಸಾಕು.

ಕೊನೆಯದಾಗಿ ತಾಯಂದಿರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಹಾಲು ಕುಡಿದೊಡನೆ ಹೊಟ್ಟೆ ಹಿಡಿದುಕೊಳ್ಳುವ ಅಜ್ಜನೋ, ಲೋಟ ಕಂಡೊಡನೆ ಓಡುವ ಮಗುವೋ ಇದ್ದರೆ ಅದನ್ನು ಹಟವೆಂದು ತಳ್ಳಿಹಾಕಬೇಡಿ. ಮಾತನಾಡಿಸಿ ಕೇಳಿ, ವೈದ್ಯರಿಗೆ ತೋರಿಸಿ. ಬಿಡಲೇಬೇಕಾದರೆ ಆ ಜಾಗದಲ್ಲಿ ಏನು ಬರಬೇಕೆಂಬುದನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಬಿಡಿಸಿ. ಅಲ್ಲಿಯವರೆಗೆ ಈ ವಾರವೇ ಒಂದು ಸೇರು ರಾಗಿಯನ್ನು ಮೊಳಕೆಗೆ ಕಟ್ಟಿರಿ. ಹಾಲು ಒಗ್ಗುವವರಿಗೂ ಒಗ್ಗದವರಿಗೂ ಅದು ಸಮಾನವಾಗಿ ಹಿತ. ಎಲ್ಲ ಮನೆಗಳಲ್ಲಿಯೂ ಆರೋಗ್ಯ ನೆಲೆಸಲಿ.